ತೋಟೆ ಬಿಚ್ಚಿದ ಮದ್ದು ಕೇಪಿನ ಕೋವಿಗೆ ನಡೆಯುತ್ತದೆಯೇ?

ಪ್ರಶ್ನೆ: ಕೊಡಗಿನ ನಮ್ಮ ಐನ್‌ಮನೆಯಲ್ಲಿ (ಕುಲದ ಮೂಲ ಮನೆ) ಅಜ್ಜನ ಕಾಲದ ಕೇಪಿನ ಕೋವಿ ಇದೆ, ಬಾಯಿಯಿಂದ ಮದ್ದು ತುಂಬಿ, ಕೇಪು ಎಂಬ ಪುಟ್ಟ ಲೋಹದ ಟೊಪ್ಪಿಯ ಕಿಡಿಯಿಂದ ಹಾರಿಸುವಂಥದ್ದು. ಹುತ್ತರಿ ಸುಗ್ಗಿ ಹಬ್ಬಕ್ಕೆ ಕದಿರು ತೆಗೆಯುವಾಗ ಗುಂಡು ಹಾರಿಸುವುದು ವಾಡಿಕೆ. ಈಗ ಕಪ್ಪು ಮದ್ದು ಸಿಗುವುದೇ ಕಷ್ಟ. 12 ಬೋರಿನ ತೋಟೆ (ಕಾರ್ಟ್ರಿಜ್) ಬಿಚ್ಚಿ ಅದರ ಮದ್ದು ತುಂಬಿದರೆ ಆಗುವುದಿಲ್ಲವೇ? ಬರೀ ಶಬ್ದಕ್ಕೆ ತಾನೆ, ಚರೆ (ಸಣ್ಣ ಸೀಸದ ಗುಂಡು) ಹಾಕುವುದಿಲ್ಲ.

ಉತ್ತರ: ಆಗುವುದಿಲ್ಲ. ಚಿಟಿಕೆಯಷ್ಟೂ ಬೇಡ, ಕಪ್ಪು ಮದ್ದಿನ ಜೊತೆ ಬೆರೆಸುವುದೂ ಬೇಡ. ಎರಡಕ್ಕೂ ನಾವು ಮದ್ದು ಎಂದೇ ಹೇಳುತ್ತೇವೆ, ಗೊಂದಲ ಹುಟ್ಟುವುದೇ ಅಲ್ಲಿ. ವಸ್ತುವಾಗಿ ಅವೆರಡಕ್ಕೂ ಸಂಬಂಧವಿಲ್ಲ.

ಕಪ್ಪು ಮದ್ದು ಎಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಅದು ಉರಿಯುವ ವೇಗ ಸುತ್ತಲಿನ ಒತ್ತಡ ಏರಿದರೂ ಹೆಚ್ಚೇನೂ ಬದಲಾಗುವುದಿಲ್ಲ. ತೋಟೆಯಲ್ಲಿರುವುದು ನೈಟ್ರೋಸೆಲ್ಯುಲೋಸಿನಿಂದ ಮಾಡಿದ ಹೊಗೆಯಿಲ್ಲದ ಮದ್ದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಯ್ ಇದನ್ನು ಬಳಕೆಗೆ ತಂದ. ಇದರ ಗುಣವೇ ಬೇರೆ: ಒತ್ತಡ ಏರಿದಷ್ಟೂ ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡ ಇನ್ನೂ ಏರುತ್ತದೆ. ಈಗಿನ 12 ಬೋರ್ ತೋಟೆಗೆ ಅಮೆರಿಕದ ಮಾನದಂಡದಲ್ಲಿ ಗರಿಷ್ಠ ಒತ್ತಡ ಚದರ ಇಂಚಿಗೆ 11,500 ಪೌಂಡ್. ಕಪ್ಪು ಮದ್ದಿನ ಚರೆಕೋವಿಗಳು ಸಾಮಾನ್ಯವಾಗಿ ಅದರ ಅರ್ಧದ ಆಸುಪಾಸಿನಲ್ಲೇ ಕೆಲಸ ಮಾಡುತ್ತವೆ. ಅಜ್ಜನ ಕೋವಿಯ ನಳಿಗೆ ಆ ಲೆಕ್ಕಕ್ಕೆ ಮಾಡಿದ್ದು. ಅದರ ಹಿಂತುದಿಯನ್ನು ಮುಚ್ಚಿರುವುದು ತಿರುಪು ಹಾಕಿ ಕೂರಿಸಿದ ಒಂದು ಬಿರಡೆ, ಅದರ ಎಳೆಗಳಿಗೆ ಎಷ್ಟು ತುಕ್ಕು ಹಿಡಿದಿದೆಯೋ ಹೊರಗಿನಿಂದ ಕಾಣುವುದಿಲ್ಲ. ಬಿಟ್ಟುಕೊಂಡರೆ ಅದು ಬರುವುದು ನೇರ ನಿಮ್ಮ ಕೆನ್ನೆಯ ಕಡೆಗೆ.

ಅಳತೆಯಲ್ಲೂ ಎಡವಟ್ಟು ಇದೆ. ಕಪ್ಪು ಮದ್ದನ್ನು ಅಳತೆಯ ಕೊಳವೆಯಲ್ಲಿ ತುಂಬಿ ಸುರಿಯುವುದು ರೂಢಿ. 12 ಬೋರಿಗೆ ಹಳೆಯ ಲೆಕ್ಕ 3 ಡ್ರಾಮ್, ಅಂದರೆ 82 ಗ್ರೇನ್, ಸುಮಾರು 5.3 ಗ್ರಾಂ. ಈಗಿನ ತೋಟೆಯೊಳಗೆ ಇರುವ ಮದ್ದು ಒಂದೂವರೆ ಗ್ರಾಂ ಆಸುಪಾಸು ಮಾತ್ರ. ಅದೇ ಕೊಳವೆಯಲ್ಲಿ ಇದನ್ನು ತುಂಬಿದರೆ, ಹಗುರವಾದರೂ, ತೋಟೆಯ ಪ್ರಮಾಣದ ಸುಮಾರು ಎರಡರಷ್ಟು ಕೂರುತ್ತದೆ. ತೋಟೆಯ ಪೆಟ್ಟಿಗೆಯ ಮೇಲೆ ಕೆಲವೊಮ್ಮೆ ಡ್ರಾಮ್ ಲೆಕ್ಕ ಮುದ್ರಿಸಿರುತ್ತಾರೆ. ಅದು ಒಳಗಿರುವ ಮದ್ದಿನ ತೂಕ ಅಲ್ಲ, ಅಷ್ಟು ಡ್ರಾಮ್ ಕಪ್ಪು ಮದ್ದು ಕೊಡುತ್ತಿದ್ದ ವೇಗಕ್ಕೆ ಇದು ಸಮ ಎಂದಷ್ಟೇ. ಅದನ್ನು ತೂಕವೆಂದು ಓದಿ ಕೈ ಕಳೆದುಕೊಂಡವರಿದ್ದಾರೆ.

ಇನ್ನು, ಚರೆ ಹಾಕುವುದಿಲ್ಲ ಎಂಬ ಮಾತು. ನಿಜವಾದ ಮೋಸ ಇರುವುದು ಇಲ್ಲೇ. ಕಪ್ಪು ಮದ್ದು ಸಡಿಲವಾಗಿದ್ದರೂ ಢಂ ಎನ್ನುತ್ತದೆ. ತೋಟೆಯ ಮದ್ದಿಗೆ ಮುಂದೆ ಭಾರ ಇರಬೇಕು, ಹಿಂದೆ ಬಲವಾದ ಬೆಂಕಿ ಬೇಕು. ಕೇಪಿನ ಕಿಡಿಗೆ ಅದು ಸರಿಯಾಗಿ ಹತ್ತುವುದೇ ಇಲ್ಲ. ಮೊದಲ ಸಲ ಪುಸ್ಸೆಂದು ಅರ್ಧ ಉರಿದು, ಉಳಿದದ್ದು ನೆಲಕ್ಕೆ ಉದುರುತ್ತದೆ. ನೋಡಿದವರು ಇದರಲ್ಲಿ ದಮ್ಮೇ ಇಲ್ಲ ಎಂದುಕೊಂಡು ಮುಂದಿನ ಸಲ ಎರಡರಷ್ಟು ಸುರಿದು, ಕಾಗದವೋ ತೆಂಗಿನ ನಾರೋ ತುರುಕಿ ಗಜದಿಂದ (ಮದ್ದು ಜಡಿಯುವ ಉದ್ದ ಕೋಲು) ಬಲವಾಗಿ ಜಡಿಯುತ್ತಾರೆ. ಅದಕ್ಕೆ ಬೇಕಿದ್ದ ಬಿಗಿ ಆಗ ಸಿಕ್ಕಿತು. ಒಡೆಯುವುದು ಆ ಸಲ.

ಪಟಾಕಿ, ಆನೆ ಓಡಿಸುವ ಗರ್ನಾಲು ಬಿಚ್ಚಿದ ಮದ್ದೂ ಬೇಡ. ಅವುಗಳಲ್ಲಿ ಅಲ್ಯೂಮಿನಿಯಂ ಪುಡಿ ಬೆರೆತಿರಬಹುದು. ಅದು ಉರಿದು ತಳ್ಳುವ ಮದ್ದಲ್ಲ, ಒಮ್ಮೆಲೇ ಸಿಡಿಯುವಂಥದ್ದು. ತಿಕ್ಕಿದರೂ ಹೊತ್ತಿಕೊಳ್ಳಬಹುದು.

ಹಾಗಾದರೆ ಯಾವುದು? ಪರವಾನಗಿ ಇರುವ ಅಂಗಡಿಯಿಂದ, ಕಾರ್ಖಾನೆಯ ಡಬ್ಬಿಯಲ್ಲೇ ಬಂದ ಕಪ್ಪು ಮದ್ದು. ಹೊರದೇಶದ ಡಬ್ಬಿಗಳ ಮೇಲೆ ಕಾಳಿನ ಗಾತ್ರವನ್ನು ಎಫ್ ಅಕ್ಷರದಲ್ಲಿ ಗುರುತಿಸುತ್ತಾರೆ. ಎಫ್ ಹೆಚ್ಚಿದಷ್ಟೂ ಕಾಳು ಸಣ್ಣ, ಉರಿಯುವುದೂ ಬೇಗ. ಮೂರು ಎಫ್ ಇದ್ದರೆ ಪಿಸ್ತೂಲು, ಸಣ್ಣ ಬಾಯಿಯ ಕೋವಿಗಳಿಗೆ. ಎರಡು ಎಫ್ 12 ಬೋರಿನಂಥ ಅಗಲ ನಳಿಗೆಗೆ. ಅದೂ ಸಿಗದಿದ್ದರೆ ಈ ವರ್ಷ ಆ ಕೋವಿ ಕನ್ನಿಕೊಂಬರೆಯಲ್ಲಿ (ಐನ್‌ಮನೆಯ ಪೂಜೆಯ ಕೋಣೆ) ಪೂಜೆಗಷ್ಟೇ ಇರಲಿ. ಶಬ್ದಕ್ಕೆ ಮನೆಯ ತೋಟೆ ಕೋವಿ ಸಾಕು.

ಕಾನೂನಿನ ಮಾತೂ ಒಂದಿದೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಸೆಕ್ಷನ್ನಿನಡಿ ಬಂದದ್ದು. ಈಗಿನ ಅವಧಿ 2029ರ ಅಕ್ಟೋಬರ್ 31ರವರೆಗೆ. ಅದು ಕೋವಿ ಇಟ್ಟುಕೊಳ್ಳುವ, ಒಯ್ಯುವ ವಿಷಯ. ತೋಟೆ, ಗುಂಡು ತಯಾರಿಸುವುದು 5ನೇ ಸೆಕ್ಷನ್ನಿಗೆ ಸೇರಿದ್ದು, ಅದಕ್ಕೆ ಬೇರೆಯೇ ಪರವಾನಗಿ ಬೇಕು.

ಮದ್ದು ಸಿಕ್ಕಿತು ಎಂದಿಟ್ಟುಕೊಳ್ಳಿ. ಸುರಿಯುವ ಮೊದಲು ಕೋವಿಯಲ್ಲಿ ಹಳೆಯ ಮದ್ದು ಕೂತಿದೆಯೇ ನೋಡಿ. ಗೋಡೆಯ ಮೇಲಿನ ಕೋವಿಗಳಲ್ಲಿ ಇದು ಅಪರೂಪವಲ್ಲ. ಕೇಪು ಇಲ್ಲವೆಂದು ಖಚಿತ ಮಾಡಿಕೊಂಡು, ಮುಖ ಬಾಯಿಯ ನೇರಕ್ಕೆ ಬಾರದಂತೆ ಗಜವನ್ನು ನಳಿಗೆಯೊಳಗೆ ಮೆಲ್ಲಗೆ ಇಳಿಬಿಡಿ. ಬಾಯಿಯ ಮಟ್ಟಕ್ಕೆ ಬೆರಳಿಟ್ಟು ಗುರುತು ಮಾಡಿ, ಹೊರತೆಗೆದು ನಳಿಗೆಯ ಪಕ್ಕದಲ್ಲಿ ಹಿಡಿಯಿರಿ. ಗಜದ ತುದಿ ಕೇಪು ಕೂರುವ ಮೊಳೆಯ ಹತ್ತಿರಕ್ಕೆ ಬರಬೇಕು. ಎರಡು ಮೂರು ಬೆರಳು ಮುಂಚೆಯೇ ನಿಂತರೆ ಒಳಗೆ ಏನೋ ಇದೆ. ಅದನ್ನು ನೀವು ಕೆದಕಬೇಡಿ, ಕೋವಿ ರಿಪೇರಿಯವರ ಕೆಲಸ ಅದು.

ಖಾಲಿ ಇದ್ದರೆ ಮೊಳೆಯ ತೂತು ತೆರೆದಿದೆಯೇ ನೋಡಬೇಕು. ನಮ್ಮಲ್ಲಿ ಕೆಲವರು ತೆಂಗಿನೆಣ್ಣೆ ಸವರಿಡುತ್ತಾರೆ. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಹುತ್ತರಿಯ ಚಳಿಗೆ ತೂತು ಮೇಣ ಮೆತ್ತಿದಂತೆ ಮುಚ್ಚಿರುತ್ತದೆ. ಆಮೇಲೆ ಕೇಪು ಕೆಟ್ಟಿದೆ ಎಂದು ಬೈಯುತ್ತಾರೆ! ಒಣಬಟ್ಟೆಯಿಂದ ಎಣ್ಣೆ ತೆಗೆದು, ಮದ್ದಿಲ್ಲದೆ ಒಂದೆರಡು ಕೇಪು ಹೊಡೆಯಿರಿ. ನಳಿಗೆಯ ಬಾಯಿ ಹುಲ್ಲಿನ ಎಸಳಿನ ಹತ್ತಿರವಿದ್ದರೆ ಎಸಳು ಅಲುಗಬೇಕು.

ಕೇಪು ಸಿಡಿದೂ ಮದ್ದು ಹತ್ತದಿದ್ದರೆ ಕೋವಿಯನ್ನು ಹಾಗೇ ಜನರಿಲ್ಲದ ಕಡೆಗೆ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಿರಿ. ತಡವಾಗಿ ಹತ್ತುವುದುಂಟು.

ಹಾರಿಸಿದ ದಿನವೇ ತೊಳೆಯಬೇಕು. ಕಪ್ಪು ಮದ್ದು ಉರಿದ ಮೇಲೆ ತೂಕದಲ್ಲಿ ಅರ್ಧಕ್ಕೂ ಮಿಕ್ಕಿ ಲವಣವಾಗಿ ಉಳಿಯುತ್ತದೆ. ಅದು ಗಾಳಿಯ ತೇವ ಹೀರುತ್ತದೆ, ಭಾಗಮಂಡಲದ ಕಡೆಯ ಹವೆಯಲ್ಲಂತೂ ಬೆಳಗಾಗುವುದರೊಳಗೆ ನಳಿಗೆ ಕೆಂಪಾಗಿರುತ್ತದೆ. ಬರೀ ಎಣ್ಣೆಗೆ ಆ ಲವಣ ಕರಗದು, ನೀರೇ ಬೇಕು. ಮೊಳೆ ಬಿಚ್ಚಿ, ಬಿಸಿನೀರಿಗೆ ಸ್ವಲ್ಪ ಸೋಪು ಹಾಕಿ, ಬಟ್ಟೆ ಬಿಳಿಯಾಗಿ ಬರುವವರೆಗೆ ಉಜ್ಜಿ, ಪೂರ್ತಿ ಒಣಗಿಸಿ, ಕೋವಿ ಎಣ್ಣೆ ಸವರಿ. ಮರುದಿನ ಇನ್ನೊಮ್ಮೆ ಒಣಬಟ್ಟೆ ಆಡಿಸಿ ನೋಡಿ.

ಅಟ್ಟದ ಮೇಲೆ ಚೀಟಿ ಕಿತ್ತುಹೋದ ಮದ್ದಿನ ಡಬ್ಬಿ ಇದೆ, ಅದನ್ನು ಬಳಸಬಹುದೇ ಎಂದು ಕೆಲವರು ಕೇಳುವುದುಂಟು. ತೋಟೆಯ ಮದ್ದು ಸಾಮಾನ್ಯವಾಗಿ ಒಂದೇ ಅಳತೆಯ ಬಿಲ್ಲೆ ಅಥವಾ ಸಣ್ಣ ಕೊಳವೆಯಂತಿರುತ್ತದೆ, ಕಪ್ಪು ಮದ್ದಿನ ಕಾಳು ಒಡೆದ ಇದ್ದಿಲಿನಂತೆ ಅಂಕುಡೊಂಕು. ಆದರೆ ಗ್ರಾಫೈಟ್ ಬಳಿದ ತೋಟೆಯ ಮದ್ದೂ ಕಪ್ಪಗೇ ಹೊಳೆಯುತ್ತದೆ, ಹಾಗಾಗಿ ಕಣ್ಣಳತೆಯ ಮೇಲೆ ನಂಬಿಕೆ ಇಡಬೇಡಿ. ಗುರುತಿಲ್ಲದ ಮದ್ದು ಯಾವ ಕೋವಿಗೂ ಬೇಡ. ಒಲೆಗೆ, ಕಸಕ್ಕೆ ಹಾಕಬೇಡಿ. ನೀರಿಗೆ ಹಾಕಿದರೂ ತೋಟೆಯ ಮದ್ದು ಸಾಯುವುದಿಲ್ಲ, ಒಣಗಿದ ಮೇಲೆ ಮತ್ತೆ ಹತ್ತುತ್ತದೆ. ಡಬ್ಬಿಯನ್ನು ಅಲುಗಿಸದೆ, ಬೆಂಕಿ ದೂರವಿಟ್ಟು, ಹತ್ತಿರದ ಪೊಲೀಸ್ ಠಾಣೆಗೆ ಫೋನ್ ಮಾಡಿ ತಿಳಿಸಿ.