ಪದ ಪರಿಚಯ: ಎಕ್ಸ್‌ಫೋಲಿಯೇಟರ್, ಮತ್ತು ಅದನ್ನು ಬಿಟ್ಟಿರಬಾರದ ಸನ್‌ಸ್ಕ್ರೀನ್

ಕಾಫಿ ಸೀಮೆಯಲ್ಲಿ ಈಗ ಎಲ್ಲಿ ನೋಡಿದರೂ ‘ಕಾಫಿ ಎಕ್ಸ್‌ಫೋಲಿಯೇಟರ್’. ಡಬ್ಬಿಯ ಮುಚ್ಚಳ ತೆಗೆದರೆ ತರಿತರಿ ಕಾಫಿ ಪುಡಿ, ಸಕ್ಕರೆ, ಕೊಬ್ಬರಿ ಎಣ್ಣೆ. ಇದಕ್ಕೆ ಸ್ಕ್ರಬ್ ಅನ್ನುವ ಹೆಸರು ಮೊದಲಿಂದಲೂ ಇದೆ, ಅದೇ ಸಾಕಿತ್ತು. ಚರ್ಮದ ಸತ್ತ ಪದರ ಕಳಚಲು ಬಳಸುವುದೆಲ್ಲ ಎಕ್ಸ್‌ಫೋಲಿಯೇಟರ್; ತರಿಯಿಂದ ಉಜ್ಜಿ ಕಳಚುವಂಥದ್ದು ಮಾತ್ರ ಸ್ಕ್ರಬ್. ಸ್ಕ್ರಬ್‌ಗಳೆಲ್ಲ ಎಕ್ಸ್‌ಫೋಲಿಯೇಟರ್‌ಗಳೇ, ಆದರೆ ಎಕ್ಸ್‌ಫೋಲಿಯೇಟರ್‌ಗಳೆಲ್ಲ ಸ್ಕ್ರಬ್ ಅಲ್ಲ. ಇವೆರಡನ್ನೂ ಕಲಸಿದ್ದರ ಫಲವಾಗಿ, ಮೆತ್ತಗಿನದು ಬೇಕು ಅಂತ ಕೇಳಿದವರ ಕೈಗೆ ವಾಲ್‌ನಟ್ ಚಿಪ್ಪಿನ ಪುಡಿ ಬರುತ್ತಿದೆ. ನಿಜವಾಗಿ ಮೆತ್ತಗಿರುವ ಶೇ 5ರ ಲ್ಯಾಕ್ಟಿಕ್ ಆಸಿಡ್ ತೋರಿಸಿದರೆ ‘ಮುಖಕ್ಕೆ ಆಸಿಡ್ಡಾ?’ ಎಂದು ಹಿಂದೆ ಸರಿಯುತ್ತಾರೆ.

ಪದದ ಮೂಲ ಲ್ಯಾಟಿನ್ನಿನದು. ‘ಎಕ್ಸ್’ ಅಂದರೆ ಆಚೆಗೆ, ‘ಫೋಲಿಯಂ’ ಅಂದರೆ ಎಲೆ. ಎಲೆ ಕಳಚುವುದು, ಪದರ ಬಿಡಿಸುವುದು ಅದರ ಅರ್ಥ. ಇದೇ ಫೋಲಿಯಂ ನಮಗೆ ಬೇರೆ ಕಡೆಯೂ ಪರಿಚಯ: ತೋಟದಲ್ಲಿ ಎಲೆಗೆ ಹೊಡೆಯುವ ಫೋಲಿಯಾರ್ ಸ್ಪ್ರೇ ಅದರಿಂದಲೇ ಬಂದದ್ದು, ಮ್ಯೂಚುಯಲ್ ಫಂಡಿನ ಫೋಲಿಯೋ ನಂಬರೂ ಅದರಿಂದಲೇ; ಪುಸ್ತಕದ ಹಾಳೆಯೂ ಒಂದು ಎಲೆ ತಾನೆ. ಶ್ರವಣಬೆಳಗೊಳದ ಬೆಟ್ಟದಂಥ ಬೋಳು ಗ್ರಾನೈಟ್ ಗುಡ್ಡಗಳು ಚಕ್ಕೆ ಚಕ್ಕೆಯಾಗಿ ಪದರ ಬಿಡುವುದಕ್ಕೂ ಭೂವಿಜ್ಞಾನದವರು ಎಕ್ಸ್‌ಫೋಲಿಯೇಶನ್ ಅಂತಲೇ ಹೇಳುತ್ತಾರೆ. ಎಲ್ಲ ಕಡೆಯೂ ಪದರ ಸಡಿಲವಾಗಿ ಬಿಟ್ಟುಕೊಳ್ಳುವುದೇ ಮುಖ್ಯ. ಉಜ್ಜಬೇಕು, ತಿಕ್ಕಬೇಕು ಅನ್ನುವ ಸೂಚನೆ ಈ ಪದದೊಳಗೆ ಎಲ್ಲೂ ಇಲ್ಲ.

ಚರ್ಮದಲ್ಲಿ ನಡೆಯುವುದೂ ಅದೇ. ಹೊರಗಿನ ಸತ್ತ ಪದರದಲ್ಲಿ ಚಪ್ಪಟೆ ಕೋಶಗಳು ಹದಿನೈದಿಪ್ಪತ್ತು ಸುತ್ತು ಒಂದರ ಮೇಲೊಂದು ಕೂತಿರುತ್ತವೆ. ಎಲ್ಲ ಸೇರಿ ಮುಖದ ಮೇಲೆ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಭಾಗದಷ್ಟು ದಪ್ಪ. ಈ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ, ಅಂಗಿಯ ಗುಂಡಿಗಳಂಥ ಪ್ರೋಟೀನ್ ಗುಂಡಿಗಳಿವೆ. ಚರ್ಮದ್ದೇ ಎನ್‌ಜೈಮ್‌ಗಳು ಆ ಗುಂಡಿಗಳನ್ನು ಕತ್ತರಿಸುತ್ತವೆ, ಮೇಲಿನ ಕೋಶ ಕಣ್ಣಿಗೆ ಕಾಣದಂತೆ ಉದುರುತ್ತದೆ. ನಾವು ಏನೂ ಮಾಡದಿದ್ದರೂ ಇದು ದಿನವೂ ನಡೆಯುತ್ತದೆ.

ಆ ಎನ್‌ಜೈಮ್‌ಗಳು ಕೆಲಸ ಮಾಡಲು ನೀರು ಬೇಕು. ಇಷ್ಟು ಗೊತ್ತಿದ್ದರೆ ಅರ್ಧ ದುಡ್ಡು ಉಳಿಯುತ್ತದೆ. ಡಿಸೆಂಬರ್, ಜನವರಿಯ ಒಣಗಾಳಿಗೆ ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಮೂಗಿನ ಪಕ್ಕ, ಬಾಯಿಯ ಸುತ್ತ ಬಿಳಿ ಹೊಟ್ಟು ಏಳುವುದು ಸತ್ತ ಚರ್ಮ ಜಾಸ್ತಿಯಾಗಿ ಅಲ್ಲ. ನೀರು ಸಾಲದೆ ಗುಂಡಿ ಪೂರ್ತಿ ಕತ್ತರಿಸದೆ, ಕೋಶಗಳು ಒಂದೊಂದಾಗಿ ಉದುರುವ ಬದಲು ಗುಂಪಾಗಿ ಮೇಲೇಳುತ್ತವೆ. ಅದನ್ನು ಸಕ್ಕರೆ ಹಾಕಿ ತಿಕ್ಕಿದರೆ ಇನ್ನೂ ಬಿಡದ ಪದರವೂ ಕಿತ್ತು ಬರುತ್ತದೆ, ನೀರು ಇನ್ನಷ್ಟು ಆರುತ್ತದೆ, ಮಾರನೇ ದಿನ ಇನ್ನಷ್ಟು ಹೊಟ್ಟು. ಮುಖ ತೊಳೆದು ತೇವ ಇರುವಾಗಲೇ ಗ್ಲಿಸರಿನ್ ಇರುವ ಸಾದಾ ಮಾಯಿಶ್ಚರೈಸರ್ ಎರಡು ಹೊತ್ತು ಒಂದು ವಾರ ಹಚ್ಚಿ ನೋಡಿ. ಬಹಳ ಜನಕ್ಕೆ ಎಕ್ಸ್‌ಫೋಲಿಯೇಟರ್ ಕೊಳ್ಳುವ ಅಗತ್ಯವೇ ಬೀಳುವುದಿಲ್ಲ.

ಅಗತ್ಯ ಬಿದ್ದವರಿಗೆ ಎರಡು ದಾರಿ: ಕಾಳಿನಿಂದ ಉಜ್ಜುವುದು ಅಥವಾ ಆಸಿಡ್‌ನಿಂದ ಗುಂಡಿ ಸಡಿಲಿಸುವುದು. ಎರಡನೆಯದು ಚರ್ಮವೈದ್ಯಕ್ಕೆ ಗಟ್ಟಿಯಾಗಿ ಬಂದದ್ದು 1974ರಲ್ಲಿ. ಯೂಜೀನ್ ವ್ಯಾನ್ ಸ್ಕಾಟ್ ಮತ್ತು ರುಯ್ ಯೂ ಎಂಬಿಬ್ಬರು ಆಲ್ಫಾ ಹೈಡ್ರಾಕ್ಸಿ ಆಸಿಡ್‌ಗಳು ಈ ಪದರವನ್ನು ಹೇಗೆ ಸಡಿಲಿಸುತ್ತವೆ ಎಂದು ಆ ವರ್ಷ ಪ್ರಕಟಿಸಿದರು. ಬಾಟಲಿಯ ಮೇಲೆ ಎಎಚ್‌ಎ ಅಂತ ಕಾಣುವುದು ಇದೇ. ಅದರಲ್ಲಿ ಗ್ಲೈಕೋಲಿಕ್‌ನ ಅಣು ಎಲ್ಲಕ್ಕಿಂತ ಚಿಕ್ಕದು. ಬೇಗ ಒಳಗಿಳಿಯುತ್ತದೆ, ಬೇಗ ಉರಿಸುತ್ತದೆ. ಲ್ಯಾಕ್ಟಿಕ್ ಸ್ವಲ್ಪ ದೊಡ್ಡದು. ಮ್ಯಾಂಡೆಲಿಕ್ ಗ್ಲೈಕೋಲಿಕ್‌ನ ಎರಡರಷ್ಟು ತೂಕದ್ದು, ನಿಧಾನವಾಗಿ ಇಳಿಯುತ್ತದೆ. ಅದಕ್ಕೇ ನಮ್ಮ ಕಂದು ಚರ್ಮಕ್ಕೆ ಮೊದಲ ಬಾಟಲಿ ಲ್ಯಾಕ್ಟಿಕ್ ಅಥವಾ ಮ್ಯಾಂಡೆಲಿಕ್ ಆಗಲಿ. ಎಣ್ಣೆ ಮುಖ, ಕಪ್ಪು ತಲೆಯ ಮೊಡವೆ ಇರುವವರಿಗೆ ಎಣ್ಣೆಯಲ್ಲಿ ಕರಗುವ ಸ್ಯಾಲಿಸಿಲಿಕ್, ಶೇ 0.5ರಿಂದ 2ರೊಳಗೆ. ಏನು ಹಚ್ಚಿದರೂ ಉರಿಯುತ್ತದೆ ಅನ್ನುವವರಿಗೆ ಇನ್ನೂ ಮೆತ್ತಗಿನ ಗ್ಲುಕೋನೋಲ್ಯಾಕ್ಟೋನ್.

‘ಶೇಕಡಾ ಜಾಸ್ತಿ, ಕೆಲಸ ಜಾಸ್ತಿ’ ಅನ್ನುವ ಲೆಕ್ಕವೂ ಅರ್ಧ ಸುಳ್ಳು. ಕೆಲಸ ಮಾಡುವುದು ಬಿಡಿ ಆಸಿಡ್, ಅಂದರೆ ಉಪ್ಪಿನ ರೂಪಕ್ಕೆ ತಿರುಗದೆ ಉಳಿದ ಆಸಿಡ್, ಮಾತ್ರ. ಎಷ್ಟು ಬಿಡಿಯಾಗಿದೆ ಅನ್ನುವುದನ್ನು ನಿರ್ಧರಿಸುವುದು ಪಿಎಚ್. ಅದು ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಗ್ಲೈಕೋಲಿಕ್ ಪಿಎಚ್ 3.8ರ ಹತ್ತಿರ ಇದ್ದಾಗ ಅರ್ಧದಷ್ಟು ಬಿಡಿಯಾಗಿರುತ್ತದೆ, ಪಿಎಚ್ 5ಕ್ಕೆ ಹೋದರೆ ಹದಿನಾರರಲ್ಲಿ ಒಂದು ಪಾಲು. ಅಂದರೆ ಪಿಎಚ್ 5ರ ಶೇ 10ರ ಬಾಟಲಿಗಿಂತ ಪಿಎಚ್ 3.8ರ ಶೇ 5ರದ್ದು ನಾಲ್ಕು ಪಟ್ಟು ಖಾರ. ಪಿಎಚ್ ಬರೆಯದೆ ಶೇಕಡಾ ಮಾತ್ರ ದಪ್ಪಕ್ಷರದಲ್ಲಿ ಹಾಕಿದ ಬಾಟಲಿ ಎಷ್ಟೇ ಅಗ್ಗವಿದ್ದರೂ ಬಿಡಿ. ಮನೆಯಲ್ಲಿ ಹಚ್ಚಿಕೊಳ್ಳಲು ಶೇ 10ರ ಮೇಲೆ, ಪಿಎಚ್ 3.5ರ ಕೆಳಗೆ ಹೋಗಬಾರದು. ಶೇ 30ರ ‘ಪೀಲ್’ಗಳು ಆನ್‌ಲೈನಿನಲ್ಲಿ ಸಿಗುತ್ತವೆ ಅಂದ ಮಾತ್ರಕ್ಕೆ ಮನೆಯ ಕೆಲಸವಾಗುವುದಿಲ್ಲ. ಹಿಮ್ಮಡಿ ಒಡಕಿಗೆಂದು ಮೆಡಿಕಲ್ ಶಾಪಿನಲ್ಲಿ ಕೊಡುವ ಯೂರಿಯಾ, ಲ್ಯಾಕ್ಟಿಕ್ ಆಸಿಡ್ ಮುಲಾಮು ಹಿಮ್ಮಡಿಗೇ ಇರಲಿ. ಆ ಪದರ ಮುಖದ್ದಕ್ಕಿಂತ ಎಷ್ಟೋ ಪಟ್ಟು ದಪ್ಪ.

ಅಡುಗೆಮನೆಯ ವಿಚಾರಕ್ಕೆ ಬಂದರೆ, ನಿಂಬೆಹಣ್ಣಿನ ಬಗ್ಗೆ ಕಟ್ಟುನಿಟ್ಟಾಗಿ ಹೇಳಲೇಬೇಕು: ಬೇಡ. ಅದರ ಪಿಎಚ್ ಎರಡರ ಆಸುಪಾಸು, ಮನೆಯಲ್ಲಿ ಹಚ್ಚಬಹುದಾದ ಬಾಟಲಿ ಆಸಿಡ್‌ಗಿಂತ ಖಾರ. ಅದಕ್ಕಿಂತ ಕೆಟ್ಟದ್ದು, ನಮ್ಮ ಸಣ್ಣ ನಿಂಬೆಯ ಸಿಪ್ಪೆಯಲ್ಲಿ, ರಸದಲ್ಲಿ ಫ್ಯೂರೋಕೌಮರಿನ್ ಎಂಬ ವಸ್ತು ಇದೆ. ಅದು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಒಂದೆರಡು ದಿನದಲ್ಲಿ ಕೆಂಪಾಗಿ ಬೊಬ್ಬೆ ಏಳುತ್ತದೆ, ಆಮೇಲೆ ರಸ ಹರಿದ ಜಾಡಿನಲ್ಲೇ ಕಂದು ಗೆರೆ ತಿಂಗಳುಗಟ್ಟಲೆ ಉಳಿಯುತ್ತದೆ. ‘ನ್ಯಾಚುರಲ್’ ಅನ್ನುವ ಮಾತು ಇಲ್ಲಿ ಯಾರನ್ನೂ ಕಾಪಾಡುವುದಿಲ್ಲ.

ಕಾಫಿ ಚರಟ ಮೊಣಕೈ, ಮೊಣಕಾಲಿಗೆ ಆದೀತು, ಮುಖಕ್ಕಲ್ಲ. ಬೀಜ ಒಡೆದ ಚೂರಿಗೆ ಅಂಚುಗಳಿವೆ, ಒಂದೇ ಅಳತೆಯೂ ಇರುವುದಿಲ್ಲ. ಜೊತೆಗೆ ಫಿಲ್ಟರಿನಿಂದ ತೆಗೆದ ಒದ್ದೆ ಚರಟ ಡಬ್ಬಿಯಲ್ಲಿಟ್ಟರೆ ಕೆಲವೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ನಯವಾಗಿ ಬೀಸಿದ ಕಡಲೆಹಿಟ್ಟನ್ನು ಸಾದಾ ಮೊಸರಿನಲ್ಲಿ ನೀರಾಗಿ ಕಲಸಿ, ಒಣಗಲು ಬಿಡದೆ ಒಂದು ನಿಮಿಷಕ್ಕೆ ತೊಳೆದರೆ ತೊಂದರೆ ಇಲ್ಲ. ಮೊಸರಿನ ಲ್ಯಾಕ್ಟಿಕ್ ಆಸಿಡ್ ಶೇ 1ರ ಆಸುಪಾಸು, ಹೆಚ್ಚಿನ ನಿರೀಕ್ಷೆ ಬೇಡ. ಕಡಲೆಹಿಟ್ಟು ಕಲ್ಲಾಗಿ ಒಣಗಿದ ಮೇಲೆ ಉಜ್ಜಿ ಉದುರಿಸುವವರು ಮಾತ್ರ ಕೆಡಿಸಿಕೊಳ್ಳುತ್ತಾರೆ. ಉಜ್ಜುವ ದಾರಿಯೇ ಬೇಕು ಅಂದರೆ ಎಲ್ಲಕ್ಕಿಂತ ಅಗ್ಗದ್ದು, ಮೆತ್ತಗಿನದು ಹಳೇ ಪಂಚೆಯ ತುಂಡು. ನೂರಾರು ಒಗೆತ ಕಂಡು ಮೆತ್ತಗಾದ ತೆಳು ಹತ್ತಿ. ಅಂಗೈ ಅಗಲ ಕತ್ತರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಫೇಸ್‌ವಾಶ್ ನೊರೆಯ ಮೇಲೆ ಒತ್ತದೆ ಮೂವತ್ತು ಸೆಕೆಂಡು ಆಡಿಸಿ, ವಾರಕ್ಕೊಮ್ಮೆ. ಪ್ರತಿ ಸಲವೂ ಒಗೆದು ಬಿಸಿಲಿಗೆ ಹಾಕಿದ ತುಂಡೇ ಆಗಬೇಕು.

ಪೀಲಿಂಗ್ ಜೆಲ್‌ನಿಂದ ಉರುಳುರುಳಾಗಿ ಬರುವ ಬಿಳಿ ಉಂಡೆಗಳು ಸತ್ತ ಚರ್ಮವಲ್ಲ. ಬಹುಪಾಲು ಆ ಜೆಲ್‌ನದೇ ಅಂಟು.

ಆಸಿಡ್ ಹಚ್ಚುವ ಕ್ರಮ ಸರಳ, ಆದರೆ ಅವಸರ ಸಲ್ಲದು. ಮೊದಲು ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ ಒಂದು ಹನಿ ಹಚ್ಚಿ ಎರಡು ದಿನ ಕಾಯಿರಿ. ಆಮೇಲೆ ವಾರಕ್ಕೆ ಒಂದೇ ರಾತ್ರಿ, ಮುಖ ತೊಳೆದು ಪೂರ್ತಿ ಒಣಗಿದ ಮೇಲೆ (ಒದ್ದೆ ಚರ್ಮಕ್ಕೆ ಆಸಿಡ್ ಬೇಗ ಇಳಿದು ಉರಿ ಜಾಸ್ತಿ), ಕಣ್ಣಿನ ಸುತ್ತ, ಮೂಗಿನ ಸಂದು, ತುಟಿಯ ಅಂಚು ಬಿಟ್ಟು ಮೂರ್ನಾಲ್ಕು ಹನಿ. ಮೇಲೆ ಮಾಯಿಶ್ಚರೈಸರ್. ಒಂದು ತಿಂಗಳು ಸಮಸ್ಯೆ ಬರದಿದ್ದರೆ ವಾರಕ್ಕೆ ಎರಡು ರಾತ್ರಿ; ಅದಕ್ಕಿಂತ ಹೆಚ್ಚು ಬೇಕಾಗುವವರು ಕಡಿಮೆ. ಮೊಡವೆಗೆ ಕೊಡುವ ಅಡಪಲೀನ್, ಟ್ರೆಟಿನಾಯ್ನ್ ಹಚ್ಚುವ ರಾತ್ರಿ ಆಸಿಡ್ ಬೇಡ. ಥ್ರೆಡಿಂಗ್, ವ್ಯಾಕ್ಸಿಂಗ್ ಆದ ಎರಡು ಮೂರು ದಿನವೂ ಬೇಡ. ಅತಿಯಾಗಿದೆ ಅನ್ನುವುದಕ್ಕೆ ಕನ್ನಡಿಯಲ್ಲಿ ಗುರುತು ಇದೆ: ಹಣೆ, ಕೆನ್ನೆ ಎಣ್ಣೆಯಿಲ್ಲದೆಯೂ ಬಿಗಿಯಾಗಿ ಮಿರಮಿರ ಹೊಳೆಯುತ್ತದೆ, ನೆರಿಗೆ ಪ್ಲಾಸ್ಟಿಕ್ ಹಾಳೆಯ ಹಾಗೆ ಸಣ್ಣಗೆ ಮುರಿಯುತ್ತದೆ, ದಿನವೂ ಹಚ್ಚುವ ಮಾಯಿಶ್ಚರೈಸರೇ ಚುರುಗುಟ್ಟುತ್ತದೆ. ಇದನ್ನು ‘ಗ್ಲೋ’ ಅಂದುಕೊಂಡು ಮುಂದುವರಿಸುವವರು ತುಂಬ ಜನ. ಆಗ ಎಲ್ಲ ನಿಲ್ಲಿಸಿ, ಮೂರು ನಾಲ್ಕು ವಾರ ಸಾದಾ ಮಾಯಿಶ್ಚರೈಸರ್ ಮತ್ತು ಸನ್‌ಸ್ಕ್ರೀನ್ ಎರಡೇ.

ನಮ್ಮ ಚರ್ಮಕ್ಕೆ ಈ ಎಚ್ಚರ ಯಾಕೆಂದರೆ, ಕಂದು ಚರ್ಮ ಉರಿದ ಜಾಗವನ್ನೆಲ್ಲ ಕಪ್ಪು ಮಾಡಿ ತೋರಿಸುತ್ತದೆ. ಬಂಗನ್ನು ತಿಕ್ಕಿ ತೆಗೆಯಲು ಹೊರಟವರ ಬಂಗು ಇನ್ನಷ್ಟು ಗಾಢವಾಗುವುದು ಇದರಿಂದಲೇ. ಅದಕ್ಕೆ ಹಾಸನ, ಚಿಕ್ಕಮಗಳೂರು ಎರಡೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ಚರ್ಮದ ಡಾಕ್ಟರಿಗೆ ತೋರಿಸಿ.

ಇನ್ನು ಸನ್‌ಸ್ಕ್ರೀನ್. ಇದನ್ನು ಬೇರೆ ಪದವಾಗಿ ಪರಿಚಯಿಸದೆ ಇಲ್ಲೇ ತಂದದ್ದಕ್ಕೆ ಕಾರಣ ಇದೆ. ಬೇಸಿಗೆಯಲ್ಲಿ ಮರಗಸಿ ಮಾಡಿ, ಅಂದರೆ ನೆರಳು ಮರದ ಕೊಂಬೆ ಕಡಿದು, ನೆರಳನ್ನು ಒಮ್ಮೆಲೇ ತೆಗೆದರೆ ಕೆಳಗಿನ ಕಾಫಿ ಎಲೆ ಸುಟ್ಟು ಕಂದಾಗುತ್ತದೆ. ಎಎಚ್‌ಎ ಹಚ್ಚಿದ ಮುಖಕ್ಕೂ ಅದೇ ಗತಿ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರ ಮಾರ್ಗಸೂಚಿಯಲ್ಲಿ, ಎಎಚ್‌ಎ ಬಳಸುವಷ್ಟು ದಿನ ಮತ್ತು ನಿಲ್ಲಿಸಿದ ಮೇಲೆ ಒಂದು ವಾರ ಸನ್‌ಸ್ಕ್ರೀನ್ ಹಚ್ಚಿ ಎಂದು ಲೇಬಲ್ ಮೇಲೆ ಬರೆಯಲು ಹೇಳಿತು. ಸನ್‌ಸ್ಕ್ರೀನ್‌ಗೆ ದುಡ್ಡು ಸಾಲದಿದ್ದರೆ ಆಸಿಡ್ ಬಿಡಿ, ಸನ್‌ಸ್ಕ್ರೀನ್ ಕೊಳ್ಳಿ. ಉಲ್ಟಾ ಮಾಡಿದರೆ ಕಲೆ ತೆಗೆಯಲು ಹೋಗಿ ಕಲೆ ತಂದುಕೊಂಡ ಹಾಗೆ.

ಎಸ್‌ಪಿಎಫ್ 50 ಅಂದರೆ 50 ನಿಮಿಷವೂ ಅಲ್ಲ, ಶೇ 50ರಷ್ಟು ತಡೆಯೂ ಅಲ್ಲ. ಚರ್ಮ ಕೆಂಪಾಗಿಸುವ ಕಿರಣದಲ್ಲಿ ಐವತ್ತರಲ್ಲಿ ಒಂದು ಪಾಲು, ಅಂದರೆ ಶೇ 2 ಒಳಗೆ ಬರುತ್ತದೆ. 30 ಇದ್ದರೆ ಶೇ 3.3. ವ್ಯತ್ಯಾಸ ಅಷ್ಟೇ. ಆದರೆ ಈ ಅಂಕಿ ಬರುವುದು ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದಾಗ. ಮುಖ, ಕಿವಿ, ಕತ್ತು ಸೇರಿ ಸುಮಾರು 600 ಚದರ ಸೆಂಟಿಮೀಟರ್, ಅಂದರೆ 1.2 ಗ್ರಾಂ, ಅಳತೆ ಚಮಚದಲ್ಲಿ ಕಾಲು ಟೀ ಚಮಚ. ಕಡಲೆಕಾಳಿನಷ್ಟು ಹಚ್ಚಿಕೊಂಡು 50 ಅಂದುಕೊಳ್ಳುವವರ ಮುಖದ ಮೇಲೆ ಹತ್ತು ಹದಿನೈದೂ ಇರುವುದಿಲ್ಲ. ಒಮ್ಮೆಲೇ ಅಷ್ಟು ಹಚ್ಚಿದರೆ ಬೆಳ್ಳಗೆ ಮೆತ್ತಿಕೊಳ್ಳುತ್ತದೆ, ಉಂಡೆ ಕಟ್ಟುತ್ತದೆ. ಅರ್ಧ ಹಚ್ಚಿ, ಎರಡು ಮೂರು ನಿಮಿಷ ಬಿಟ್ಟು ಉಳಿದರ್ಧ ಹಚ್ಚಿ.

ಲೆಕ್ಕ ಇಲ್ಲಿಂದಲೇ ಶುರು. ದಿನಕ್ಕೊಮ್ಮೆ 1.2 ಗ್ರಾಂ ಅಂದರೆ 50 ಗ್ರಾಂ ಟ್ಯೂಬು ನಲವತ್ತು ದಿನ ಬರಬೇಕು. ಆರು ತಿಂಗಳು ಬಂತು ಅಂದರೆ ಅದು ಉಳಿತಾಯವಲ್ಲ, ಹಚ್ಚಿದ್ದೇ ಸಾಲದು. 50 ಗ್ರಾಂಗೆ 350 ರೂಪಾಯಿ ಅಂದುಕೊಂಡರೆ ದಿನಕ್ಕೆ ಎಂಟೂವರೆ ರೂಪಾಯಿ. 30 ಗ್ರಾಂಗೆ 600 ಅಂದರೆ ದಿನಕ್ಕೆ 24. ಎರಡನೆಯದನ್ನು ಕೊಂಡವರು ಬೆಲೆ ನೆನೆದೇ ಕಮ್ಮಿ ಹಚ್ಚುತ್ತಾರೆ. ಕೈ ಬಿಗಿಹಿಡಿಯದೆ ಹಚ್ಚಬಹುದಾದ ಎಸ್‌ಪಿಎಫ್ 30, ಪಿಎ+++ ಇರುವ ದೊಡ್ಡ ಟ್ಯೂಬು ಸಾಕು. ಪಿಎ ಎಂಬುದು ಬಿಸಿಲಿನ ಯುವಿ (ನೇರಳಾತೀತ) ಕಿರಣಗಳಲ್ಲಿ ಯುವಿಎ ಎಂಬ ಬಗೆಯನ್ನು ಎಷ್ಟು ತಡೆಯುತ್ತದೆ ಅನ್ನುವ, ಜಪಾನಿನಿಂದ ಬಂದ ಅಳತೆ, ಕಪ್ಪಾಗಿಸುವುದರಲ್ಲಿ ಯುವಿಎ ಪಾಲು ದೊಡ್ಡದು, ಬಸ್ಸಿನ ಕಿಟಕಿ ಗಾಜಿನಿಂದಲೂ ಅದು ಒಳಗೆ ಬರುತ್ತದೆ. ಬಂಗು ಇದ್ದವರಿಗೆ ಮಾತ್ರ ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕೆರಳಿಸುತ್ತದೆ, ಸಾದಾ ಸನ್‌ಸ್ಕ್ರೀನ್ ಅದನ್ನು ತಡೆಯುವುದಿಲ್ಲ.

‘ನಮ್ಮೂರು ತಂಪು, ಇಲ್ಲಿ ಯಾಕೆ?’ ಅನ್ನುವ ಮಾತನ್ನು ಇನ್ನಾದರೂ ಬಿಡಬೇಕು. ಯುವಿಗೂ ಸೆಕೆಗೂ ಸಂಬಂಧವಿಲ್ಲ. ಎತ್ತರ ಸಾವಿರ ಮೀಟರ್ ಏರಿದರೆ ಯುವಿ ಸುಮಾರು ಶೇ 10 ಹೆಚ್ಚುತ್ತದೆ. ಹಾಸನ ಸಾವಿರಕ್ಕೆ ಹತ್ತಿರ, ಚಿಕ್ಕಮಗಳೂರು ಸಾವಿರ ದಾಟಿದೆ, ಮುಳ್ಳಯ್ಯನಗಿರಿ 1,900 ಮೀಟರಿನ ಮೇಲೆ. ನಾವಿರುವ 13 ಡಿಗ್ರಿ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಗೂ ಆಗಸ್ಟ್ ಮಧ್ಯಕ್ಕೂ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ನಿಲ್ಲುತ್ತಾನೆ. ಆಗಸ್ಟಿನ ತೆಳು ಮೋಡ ಅದಕ್ಕೆ ದೊಡ್ಡ ಅಡ್ಡಿಯಲ್ಲ.

ಕುಯ್ಲಿಗೆ, ಕಣದಲ್ಲಿ ಕಾಫಿ ಹರಡಲು ನಿಲ್ಲುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಬೆವರಿಗೆ ಮೊದಲ ಪದರ ನಿಲ್ಲುವುದಿಲ್ಲ. ದಿನಕ್ಕೆ ನಾಲ್ಕು ಸಲದ ಖರ್ಚು ಎಲ್ಲರ ಕೈಲಾಗದು. ಅಲ್ಲಿ ಮೂರು ಇಂಚು ಅಂಚಿನ ಟೋಪಿ, ಉದ್ದ ತೋಳಿನ ಒತ್ತು ನೇಯ್ಗೆಯ ಅಂಗಿ ಮೊದಲು ಬರಲಿ. ಅಡಿಕೆ ಹಾಳೆಯ ಟೊಪ್ಪಿಗೆ ಅಂಚಿಲ್ಲ. ನೆತ್ತಿ ಕಾಯುತ್ತದೆ, ಕೆನ್ನೆ ಕಾಯುವುದಿಲ್ಲ. ಸನ್‌ಸ್ಕ್ರೀನನ್ನು ಆಗ ಬಟ್ಟೆ ಮುಚ್ಚದ ಕಡೆಗೆ ಉಳಿಸಿಕೊಳ್ಳಬಹುದು: ಮೂಗು, ಕೆನ್ನೆಮೂಳೆ, ಕಿವಿಯ ಮೇಲಂಚು, ಕತ್ತಿನ ಹಿಂಭಾಗ, ಮುಂಗೈ. ಟ್ಯೂಬನ್ನು ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ. ಬಿಸಿಗೆ ನೀರು, ಎಣ್ಣೆ ಬೇರ್ಪಡುತ್ತದೆ, ಹಿಸುಕಿದರೆ ಮೊದಲು ತಿಳಿನೀರು ಬರುತ್ತದೆ. ಹಾಗೆ ಬಂದ ಟ್ಯೂಬನ್ನು ಅಲ್ಲಾಡಿಸಿ ಹಚ್ಚಿದರೂ ಒಂದೇ ಸಮ ಹರಡುವುದಿಲ್ಲ, ಎಸೆಯಿರಿ.