ಪೀಚೆಕತ್ತಿ ಮೂತಿಯ ಮೀನು: ಚೀನಾದ ಪ್ಯಾಡಲ್‌ಫಿಶ್ ಟಿಪ್ಪಣಿ

ಪರೀಕ್ಷೆಯಲ್ಲಿ ಅಳಿದುಹೋದ ಪ್ರಾಣಿಗೆ ಉದಾಹರಣೆ ಕೊಡಿ ಅಂದರೆ ನಾವೆಲ್ಲ ಡೋಡೋ ಅಂತ ಬರೆದು ಕೈತೊಳೆದುಕೊಳ್ಳುತ್ತೇವೆ. ಈ ಸಲ ಒಂದು ಮೀನು ಓದೋಣ. ಒಂದು ಜೀವಿ ಹೇಗೆ ಇಲ್ಲವಾಗುತ್ತದೆ ಅನ್ನೋದು ನನ್ನ ತಲೆಗೆ ಸರಿಯಾಗಿ ಹೋಗಿದ್ದೇ ಇದರಿಂದ.

ಹೆಸರು ಚೀನಾದ ಪ್ಯಾಡಲ್‌ಫಿಶ್, ಊರು ಯಾಂಗ್ಟ್ಸೆ ನದಿ. ವೈಜ್ಞಾನಿಕ ಹೆಸರು ಸೆಫ್ಯೂರಸ್ ಗ್ಲಾಡಿಯಸ್. ಗ್ಲಾಡಿಯಸ್ ಅಂದರೆ ಲ್ಯಾಟಿನ್‌ನಲ್ಲಿ ಕತ್ತಿ. ಪ್ಯಾಡಲ್ ಅಂದರೆ ದೋಣಿಯ ಹುಟ್ಟು, ಆದರೆ ಹುಟ್ಟಿನ ಹಾಗೆ ಅಗಲ ಮೂತಿ ಇರುವುದು ಇದರ ಅಮೆರಿಕದ ನೆಂಟನಿಗೆ. ಇದರ ಮೂತಿ ಉದ್ದ, ನೆಟ್ಟಗೆ, ಚೂಪು. ಕೊಡಗಿನವರಿಗೆ ಹೇಳುವುದಾದರೆ ಅಗಲದ ಬಾಗಿದ ಒಡಿಕತ್ತಿ ಅಲ್ಲ, ಸೊಂಟಕ್ಕೆ ಸಿಕ್ಕಿಸುವ ಸಣ್ಣ ಬಾಕು, ಪೀಚೆಕತ್ತಿ. ಆ ಮೂತಿ ಚುಚ್ಚೋಕೆ ಅಲ್ಲ. ಅದರ ತುಂಬ ಸಣ್ಣ ಸಣ್ಣ ಗುಂಡಿಗಳಿದ್ದವು. ಹತ್ತಿರದಲ್ಲಿ ಬೇಟೆ ಅಲುಗಾಡಿದಾಗ ಅದರ ಮೈಯಿಂದ ಹೊರಡುವ ಚೂರುಪಾರು ವಿದ್ಯುತ್ತನ್ನು ಈ ಗುಂಡಿಗಳು ಹಿಡಿಯುತ್ತಿದ್ದವು. ಕೆಸರು ನೀರಲ್ಲಿ ಕಣ್ಣು ಕಟ್ಟಿಕೊಂಡು ಏನು ಮಾಡೋದು, ಅಲ್ವಾ? ಅಮೆರಿಕದ್ದು ಬಾಯಿ ತೆರೆದು ನೀರು ಸೋಸಿ ಪ್ಲಾಂಕ್ಟನ್, ಅಂದರೆ ನೀರಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳನ್ನು ತಿನ್ನುತ್ತದೆ. ಇದು ಮುಖ್ಯವಾಗಿ ಬೇರೆ ಮೀನು ತಿನ್ನುತ್ತಿತ್ತು. ಮೂರು ಮೀಟರ್ ಉದ್ದ ಸಾಮಾನ್ಯ, ಏಳು ಮೀಟರಿನದ್ದೂ ಸಿಕ್ಕಿತ್ತು ಅನ್ನುವ ವರದಿ ಇದೆ. ಒಂದು ಜೀಪಿಗಿಂತ ಉದ್ದದ ಮೀನು!

ಈಗ ಅಸಲಿ ವಿಷಯ. ಇದನ್ನು ಹಿಡಿದು ತಿಂದರು, ನಿಜ. 1970ರ ದಶಕದಲ್ಲಿ ವರ್ಷಕ್ಕೆ ಸುಮಾರು 25 ಟನ್ ಹಿಡಿಯುತ್ತಿದ್ದರು. ಆದರೆ ದೊಡ್ಡ ಪೆಟ್ಟು ಬಿದ್ದಿದ್ದು 1981ರಲ್ಲಿ, ಗೆಝೌಬಾ ಅಣೆಕಟ್ಟು ನದಿಗೆ ಅಡ್ಡ ನಿಂತಾಗ.

ಇದು ಅರ್ಥವಾಗಬೇಕಾದರೆ ನಮ್ಮ ಕಡೆ ಮಳೆಗಾಲದಲ್ಲಿ ಹತ್ತುವ ಮೀನು ನೆನಪಿಸಿಕೊಳ್ಳಿ. ಮುಂಗಾರಿನ ಮೊದಲ ನೆರೆಗೆ ಹೊಳೆಯಿಂದ ತೋಡು, ತೋಡಿನಿಂದ ಗದ್ದೆ ಅಂತ ಮೀನು ಹತ್ತಿ ಬರುತ್ತದಲ್ಲ, ಮೊಟ್ಟೆ ಇಡೋಕೆ. ನಾನು ಚಿಕ್ಕವನಿದ್ದಾಗ ಒಂದು ರಾತ್ರಿ ಅಣ್ಣನ ಜೊತೆ ಹೋಗಿ ನೀರು ಇಳಿಯುವ ಕಂಡಿಗೆ ಮೀನು ಹಿಡಿಯುವ ಬುಟ್ಟಿ, ಕೂಣಿ ಇಟ್ಟು, ಸುತ್ತ ಒಂದು ಬೆರಳು ಸಂದೂ ಬಿಡದೆ ಮಣ್ಣು, ಹುಲ್ಲು, ಹಳೇ ಗೋಣಿಚೀಲ ಎಲ್ಲ ತುರುಕಿ ಬಂದಿದ್ದೆವು. ಬೆಳಿಗ್ಗೆ ನೋಡಿದರೆ ಕೂಣಿಯೊಳಗೆ ಇದ್ದದ್ದು ಸ್ವಲ್ಪವೇ. ಕೆಳಗಿನ ಗುಂಡಿಯಲ್ಲಿ ಮೀನು ಗಿಜಿಗಿಜಿ. ಹಾರುತ್ತಿವೆ, ಬೀಳುತ್ತಿವೆ, ಮತ್ತೆ ಅಲ್ಲೇ ಸುತ್ತುತ್ತಿವೆ. ಒಂದನ್ನು ಕೈಯಲ್ಲಿ ಹಿಡಿದರೆ ಹೊಟ್ಟೆ ಬಿಗಿದು ಹಳದಿ ಮೊಟ್ಟೆ ಬೆರಳ ಸಂದಿಗೆ ಜಿನುಗಿತು. ಅಷ್ಟರಲ್ಲಿ ನೀರು ಕಟ್ಟಿಕೊಂಡು ಬದು ಒಡೆದಿತ್ತು, ಅದಕ್ಕೆ ದೊಡ್ಡಪ್ಪನ ಹತ್ತಿರ ಬೈಸಿಕೊಂಡಿದ್ದೂ ಆಯಿತು. ಮೀನಿನ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ ಬಿಡಿ.

ಗೆಝೌಬಾದಲ್ಲಿ ಆಗಿದ್ದೂ ಇದೇ, ಆದರೆ ಆ ಬದು ಒಡೆಯುವಂಥದ್ದಲ್ಲ. ಪ್ಯಾಡಲ್‌ಫಿಶ್ ಮೊಟ್ಟೆ ಇಡುವ ಜಾಗ ನದಿಯ ಮೇಲ್ಭಾಗದಲ್ಲಿತ್ತು. ಕೆಳಗೆ ಬೆಳೆದ ಮೀನು ಮೇಲೆ ಹೋಗುವ ದಾರಿ ಮುಚ್ಚಿತು. ಮೀನು ಹತ್ತಲು ಮೆಟ್ಟಿಲಿನಂಥ ದಾರಿಯನ್ನೂ ಕಟ್ಟಲಿಲ್ಲ. ಅದೇ ನದಿಯ ಚೀನೀ ಸ್ಟರ್ಜನ್ ಅನ್ನುವ ಮೀನಿಗೂ ಇದೇ ಗತಿ ಬಂತು, ಆದರೆ ಅದು ಅಣೆಕಟ್ಟಿನ ಬುಡದಲ್ಲೇ ಹೊಸ ಜಾಗ ಹುಡುಕಿಕೊಂಡು ಮೊಟ್ಟೆ ಇಟ್ಟಿತು. ಸಾಕಿ ಮರಿ ಮಾಡಿಸುವುದೂ ಸಾಧ್ಯವಾಯಿತು. ಪ್ಯಾಡಲ್‌ಫಿಶ್ ವಿಷಯದಲ್ಲಿ ಎರಡೂ ಆಗಲಿಲ್ಲ. ಪರೀಕ್ಷೆಯಲ್ಲಿ ಹೋಲಿಕೆ ಕೇಳಿದರೆ ಈ ಎರಡು ಮೀನು ಬರೆಯಿರಿ.

2003ರ ಜನವರಿಯಲ್ಲಿ ಯಿಬಿನ್ ನಗರದ ಹತ್ತಿರ ಮೀನುಗಾರರ ಬಲೆಗೆ ಒಂದು ಹೆಣ್ಣು ಸಿಕ್ಕಿತು. 3.52 ಮೀಟರ್ ಉದ್ದ. ವಿಜ್ಞಾನಿಗಳು ಅದಕ್ಕೆ ಸಂಕೇತ ಕಳಿಸುವ ಸಣ್ಣ ಯಂತ್ರ ಕಟ್ಟಿ ನೀರಿಗೆ ಬಿಟ್ಟು, ದೋಣಿಯಲ್ಲಿ ಹಿಂಬಾಲಿಸಿದರು. ದೋಣಿ ಬಂಡೆಗೆ ತಾಗಿತು. ಸಂಕೇತ ತಪ್ಪಿಹೋಯಿತು. ಅಷ್ಟೇ. ಆಮೇಲೆ ಈ ಜಾತಿಯ ಒಂದು ಮೀನನ್ನೂ ಖಚಿತವಾಗಿ ಯಾರೂ ಕಂಡಿಲ್ಲ.

ಇಲ್ಲಿ ಒಂದು ಪದ ಗಟ್ಟಿ ಮಾಡಿಕೊಳ್ಳಿ: ಕ್ರಿಯಾತ್ಮಕ ಅಳಿವು. ಕೇಳೋಕೆ ಭಾರ, ಅರ್ಥ ಸುಲಭ. ಮೀನು ಇನ್ನೂ ಬದುಕಿದೆ, ಆದರೆ ಸಂತಾನ ಮುಂದುವರಿಯುವಷ್ಟು ಸಂಖ್ಯೆಯಲ್ಲಿ ಇಲ್ಲ. ಚೀನಾದ ಸಂಶೋಧಕರ ಅಂದಾಜಿನ ಪ್ರಕಾರ ಪ್ಯಾಡಲ್‌ಫಿಶ್ 1993ರ ಹೊತ್ತಿಗೇ ಈ ಸ್ಥಿತಿ ಮುಟ್ಟಿತ್ತು, ಪೂರ್ತಿ ಅಳಿದದ್ದು 2005ರಿಂದ 2010ರ ನಡುವೆ. ಅಂದರೆ 2003ರ ಆ ಹೆಣ್ಣು ಮೀನು ಬಲೆಗೆ ಬೀಳುವ ಹತ್ತು ವರ್ಷ ಮೊದಲೇ ಕಥೆ ಮುಗಿದಿತ್ತು. 2017-18ರಲ್ಲಿ ಯಾಂಗ್ಟ್ಸೆಯಲ್ಲಿ ದೊಡ್ಡ ಸಮೀಕ್ಷೆ ಮಾಡಿದಾಗ 332 ಜಾತಿಯ ಮೀನು ಸಿಕ್ಕವು. ಅವುಗಳಲ್ಲಿ ಇದು ಇರಲಿಲ್ಲ. ಅಳಿವಿನ ಅಂಚಿನ ಜೀವಿಗಳ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 'ಅಳಿದಿದೆ' ಅಂತ ಅಧಿಕೃತವಾಗಿ ಹೇಳಿದ್ದು 2022ರ ಜುಲೈನಲ್ಲಿ. ಆಗಲೇ ಯಾಂಗ್ಟ್ಸೆ ಸ್ಟರ್ಜನ್ ಅನ್ನುವ ಇನ್ನೊಂದು ಮೀನನ್ನು 'ನೈಸರ್ಗಿಕ ನೆಲೆಯಲ್ಲಿ ಅಳಿದಿದೆ' ಅಂತ ಸೇರಿಸಿದರು. ಅದು ಸಾಕಣೆ ತೊಟ್ಟಿಯಲ್ಲಿ ಇನ್ನೂ ಇದೆ. ಇವೆರಡನ್ನು ಅದಲು ಬದಲು ಮಾಡಬೇಡಿ, ನಾನು ಮಾಡಿ ಅಂಕ ಕಳೆದುಕೊಂಡಿದ್ದೇನೆ.

ಇನ್ನೊಂದು ಗೊಂದಲ. ನಮ್ಮ ಕಾವೇರಿಯ ಬೆನ್ನು ಗೂನಿನ ಮಹಶೀರ್, ಅದೇ ಬಿಳಿ ಮೀನು, ಅಳಿದಿಲ್ಲ. ಅದು 'ತೀವ್ರ ಅಪಾಯದಲ್ಲಿದೆ' ಪಟ್ಟಿಯಲ್ಲಿದೆ, 2018ರಿಂದ. ತಮಾಷೆ ಏನೆಂದರೆ ಗಾಳ ಹಾಕುವವರಿಗೆ ತಲೆಮಾರುಗಳಿಂದ ಗೊತ್ತಿದ್ದ ಈ ಮೀನು ಯಾವ ಪ್ರಭೇದ ಅಂತ ವಿಜ್ಞಾನಿಗಳು ಖಚಿತ ಮಾಡಿಕೊಂಡಿದ್ದೂ ಅದೇ ವರ್ಷ: ಟಾರ್ ರೆಮಾದೇವಿ. ಹೊರಗಿನಿಂದ ತಂದು ಕಾವೇರಿಗೆ ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಈಗ ಜಾಸ್ತಿ, ಹಾಗಾಗಿ 'ಮಹಶೀರ್ ಬೇಕಾದಷ್ಟಿದೆಯಲ್ಲ' ಅಂತ ಜನ ಹೇಳುವುದರಲ್ಲಿ ಅರ್ಧ ಸತ್ಯ ಇದೆ. ನಮ್ಮದರ ಗುರುತು ಕಿತ್ತಳೆ ಬಣ್ಣದ ಬಾಲ, ತಲೆಯ ಹಿಂದೆ ಎದ್ದ ಗೂನು. ಮುಂದಿನ ಸಲ ಕಾವೇರಿ ದಡದ ರಾಮನಾಥಪುರಕ್ಕೆ ಹೋದಾಗ ಹೊಳೆಗೆ ಪುರಿ ಎಸೆದು ಸುಮ್ನೆ ವಾಪಸ್ ಬರಬೇಡಿ, ಮೇಲೆ ಬಂದ ಮೀನಿನ ಬಾಲ ಯಾವ ಬಣ್ಣದ್ದು ಅಂತ ನೋಡಿಕೊಂಡು ಬನ್ನಿ.