ವಿಡಂಬನೆ: ಪದ ಒಂದೇ, ಅರ್ಥ ಬೇರೆ ಬೇರೆ

ಮುಂಬೈಯ ಮಾಟುಂಗಾದ ನಮ್ಮ ಕಟ್ಟಡದಲ್ಲಿ ಕನ್ನಡ ಕಲಿಯುತ್ತಿರುವ ಮರಾಠಿ ಗೆಳೆಯರೊಬ್ಬರಿದ್ದಾರೆ. ಮೊನ್ನೆ ಕೇಳಿದರು: "ವಿಡಂಬನೆ ಅಂದ್ರೆ ನಮ್ಮ ವಿಡಂಬನವೇ ಅಲ್ವಾ?" ಹೌದು ಎನ್ನಲು ಹೊರಟವನು ತಡೆದೆ.

ಪದ ಸಂಸ್ಕೃತದ್ದು. ಅನುಕರಿಸುವುದು, ಅನುಕರಿಸಿ ನಗೆಗೀಡು ಮಾಡುವುದು ಅದರ ಹಳೆಯ ಅರ್ಥ. ಮರಾಠಿ ಇದನ್ನೇ ಗಟ್ಟಿಯಾಗಿ ಹಿಡಿದುಕೊಂಡಿತು. ಗಂಭೀರ ಕವಿತೆಯ ಧಾಟಿ ಹಾಗೇ ಇಟ್ಟು ಒಳಗೆ ತಮಾಷೆ ತುಂಬಿದರೆ ಅದು ವಿಡಂಬನ. ಮರಾಠಿ ಲೇಖಕ ಪ್ರ. ಕೇ. ಅತ್ರೆಯವರ ಕವನ ಸಂಕಲನ 'ಝೇಂಡೂಚೀ ಫುಲೆ' (1925) ಇಂಥ ಕವಿತೆಗಳಿಂದಲೇ ಹೆಸರಾಯಿತು. ನಾವು ಅದನ್ನು ಅಣಕವಾಡು ಅನ್ನುತ್ತೇವೆ. ಇನ್ನು ಲೋಕಲ್ ಟ್ರೈನಿನಲ್ಲಿ ಹಿಂದಿಯವರು 'ಕೈಸೀ ವಿಡಂಬನಾ ಹೈ' ಅಂದರೆ, ಎಂಥ ವಿಪರ್ಯಾಸ ಅಂತ.

ಕನ್ನಡದ ವಿಡಂಬನೆಗೆ ಯಾರದೋ ಕವಿತೆ ಬೇಕಿಲ್ಲ. ಅದು ನೋಡುವುದು ಜನರ ನಡೆಯನ್ನು. ಬಸವಣ್ಣನವರ ಈ ಸಾಲು ನೋಡಿ:

"ಉಂಬ ಜಂಗಮ ಬಂದರೆ ನಡೆಯೆಂಬರು, ಉಣ್ಣದ ಲಿಂಗಕ್ಕೆ ಬೋನವ ಹಿಡಿಯೆಂಬರಯ್ಯಾ."

ಬೋನ ಅಂದರೆ ಅನ್ನ, ಎಡೆ. ಹಸಿದು ಬಂದವನಿಗೆ 'ನಡೆ', ಉಣ್ಣಲಾರದ ಕಲ್ಲಿಗೆ 'ಹಿಡಿ'. ಬೈಗುಳ ಒಂದೂ ಇಲ್ಲ. ಅಣಕದ ದನಿಯೂ ಇಲ್ಲ. ಮನೆಬಾಗಿಲಲ್ಲಿ ಕೇಳಿಬರುವ ಎರಡು ಮಾತನ್ನು ಪಕ್ಕಪಕ್ಕ ಇಟ್ಟರು, ಅಷ್ಟೇ. ಓದಿದಾಗಲೆಲ್ಲ ನನಗೆ ನಮ್ಮ ಮನೆಯ ಬಾಗಿಲೇ ನೆನಪಾಗುತ್ತದೆ.

ವ್ಯಂಗ್ಯವನ್ನು ಇದರ ಜೊತೆ ಕಲಸುವವರು ಜಾಸ್ತಿ. ವ್ಯಂಗ್ಯ ಮಾತಾಡುವ ಒಂದು ರೀತಿ. ಹೇಳುವುದು ಒಂದು, ಸೂಚಿಸುವುದು ಇನ್ನೊಂದು. ವಿಡಂಬನೆ ಅದನ್ನು ಬಳಸಬಹುದು, ಬಳಸದೆಯೂ ಇರಬಹುದು. ಮೇಲಿನ ಸಾಲುಗಳಲ್ಲಿ ಇರುವುದು ನೇರ ಮಾತೇ. ಒಬ್ಬರ ರೂಪವನ್ನೋ ಉಚ್ಚಾರವನ್ನೋ ಹಿಡಿದು ನಗುವುದಂತೂ ಬರೀ ಗೇಲಿ. ಅದಕ್ಕೆ ಈ ಹೆಸರು ಕೊಡಬಾರದು.

ನಮ್ಮ ಮುಂಬೈಗೂ ಇದರಲ್ಲಿ ಪಾಲಿದೆ. ಅಂಕೋಲಾ ಕಡೆಯಿಂದ ಬಂದು ಇಲ್ಲಿ ಕಾರ್ಮಿಕರ ನಡುವೆ ದುಡಿದ ದಿನಕರ ದೇಸಾಯಿ (1909–1982) ನಾಲ್ಕೇ ಸಾಲಿನ ಚುಟುಕಗಳಲ್ಲಿ ರಾಜಕಾರಣಿಗಳನ್ನೂ ಉಳ್ಳವರನ್ನೂ ವಿಡಂಬಿಸಿದರು. 1967ರಲ್ಲಿ ಲೋಕಸಭೆಗೂ ಆರಿಸಿಹೋದರು. ಹತ್ತಿರದಿಂದ ಕಂಡವರ ಬರಹ ಅದು.

ಗೆಳೆಯರ ನೋಟ್‌ಬುಕ್ಕಿನಲ್ಲಿ 'ಅಣಕವಾಡು' ಎದುರಿಗೆ ಅವರ 'ವಿಡಂಬನ' ಬರೆಸಿದೆ. ನಮ್ಮ 'ವಿಡಂಬನೆ'ಯ ಎದುರಿಗೆ ಸದ್ಯಕ್ಕೆ ಮರಾಠಿಯ 'ಉಪರೋಧ' ಇದೆ. ಕೆಳಗೆ ಬಸವಣ್ಣನವರ ಸಾಲನ್ನೂ ಬರೆದುಕೊಟ್ಟೆ.